ಆಟ ಮಂಜಿನ ಮೇಲೆ, ಲೆಕ್ಕ ಇಳಕಲ್ಲಿನಲ್ಲಿ

ಇಳಕಲ್ಲಿಗೂ ರೈಲಿಗೂ ನಂಟು ಕಡಿಮೆ. ಸೀರೆಗೆ, ಕೆಂಪು ಕಲ್ಲಿಗೆ ಹೆಸರಾದ ಈ ಊರಿಗೆ ರೈಲು ನಿಲ್ದಾಣವಿಲ್ಲ. ನೆರೆಯ ಹುನಗುಂದಕ್ಕೂ ಇಲ್ಲ. 2025ರ ಮೇ ತಿಂಗಳಲ್ಲಿ ತಳಕಲ್–ಕುಷ್ಟಗಿ ಮಾರ್ಗ ತೆರೆದ ಮೇಲೆ ಹುಬ್ಬಳ್ಳಿಯ ಕಡೆಗೆ ಹೋಗುವವರಿಗೆ ಕುಷ್ಟಗಿ ಹತ್ತಿರವಾಯಿತೇನೋ ನಿಜ. ಆದರೆ ಸೊಲ್ಲಾಪುರ, ದಿಲ್ಲಿಯ ದಿಕ್ಕು ಹಿಡಿಯುವವರು ಇಂದಿಗೂ ಹುನಗುಂದ, ಅಮೀನಗಡ ಹಾದು ಅರವತ್ತು ಕಿಲೋಮೀಟರಿನ ಆಸುಪಾಸು ಬಸ್ಸಿನಲ್ಲಿ ಕುಳಿತು ಬಾಗಲಕೋಟೆಯನ್ನೇ ಮುಟ್ಟಬೇಕು.

ಇಂಥ ಊರಿನ ನೇಕಾರರ ಮನೆಯೊಂದರಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೂರು ಪುಟದ ನೋಟುಬುಕ್ಕಿನಲ್ಲಿ ಒಂದು ಪ್ರವಾಸದ ಯೋಜನೆ ಬರೆಯತೊಡಗಿದಳು. ಪ್ರವಾಸದ ಉದ್ದೇಶ ಕಾಶಿಯಲ್ಲ, ತಾಜಮಹಲೂ ಅಲ್ಲ. ಐಸ್ ಹಾಕಿ ಆಟವನ್ನು ಕಣ್ಣಾರೆ ನೋಡುವುದು!

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಕಾಯುವ ನಾಡಿನ ಮಗುವಿಗೆ ಈ ಹಂಬಲ ಎಲ್ಲಿಂದ ಬಂತು? ಅವಳ ಸೋದರಮಾವ ಬೆಟಗೇರಿಯವರು. ಗದಗ–ಬೆಟಗೇರಿ ಹಾಕಿಯ ಒಲವಿನ ಊರು. ಬೇಸಿಗೆಯ ರಜೆಗೆ ಹೋದಾಗ ಮಾವನ ಹಳೆಯ ಕೋಲು ಹಿಡಿದು ಅವಳು ಚೆಂಡು ತಳ್ಳುವುದನ್ನು ಕಲಿತಿದ್ದಳು. 2025ರ ಜೂನಿನಲ್ಲಿ ಭಾರತದ ಮಹಿಳೆಯರು ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್ ಐಸ್ ಹಾಕಿಯಲ್ಲಿ ಕಂಚು ಗೆದ್ದ ಸುದ್ದಿ ಅವಳ ಕಣ್ಣಿಗೆ ಬಿತ್ತು. ಆ ತಂಡದ ಹೆಚ್ಚಿನವರು ಲಡಾಖಿನವರು. 2016ರಲ್ಲಿ ಮೊದಲ ಸಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿದ ತಂಡ, 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸನ್ನು 4–3ರಿಂದ ಸೋಲಿಸಿ ಮೊದಲ ಗೆಲುವು ಕಂಡಿತ್ತು. ಹೊಲದ ಹೊಂಡದಲ್ಲಿ ನಿಂತ ನೀರು ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಆಡಿ ಬೆಳೆದ ಹುಡುಗಿಯರು ಇವರು ಎಂದು ತಿಳಿದಾಗ, ಟೀವಿಯಲ್ಲಿ ನೋಡಿದರೆ ಸಾಲದು ಎಂದು ಅವಳಿಗೆ ಅನ್ನಿಸಿತು.

ಮನೆಯಲ್ಲಿ ಮೊದಲು ಉತ್ತರ ಕೊಟ್ಟವರು ಆಯಿ. "ಬರಫದ ಮ್ಯಾಲ ಜಾರೂದು ನೋಡಾಕ ಮಗ್ಗ ನಿಲ್ಲಸಬೇಕೇನು? ನಮ್ಮ ಬಚ್ಚಲದಾಗ ದಿನಾ ಜಾರತೀವಲ್ಲ!"

ಎಲ್ಲರೂ ನಕ್ಕರು. ಆದರೆ ಆಯಿಯ ಮಾತಿನಲ್ಲಿ ಹುರುಳಿತ್ತು. ಕೈಮಗ್ಗದಲ್ಲಿ ಒಂದು ಸೀರೆಗೆ ವಾರದ ಹತ್ತಿರ ದುಡಿಮೆ ಬೇಕು. ಮಗ್ಗ ಹತ್ತು ದಿನ ನಿಂತರೆ ಮನೆಯ ಗಳಿಕೆಯೂ ಅಷ್ಟು ದಿನ ನಿಲ್ಲುತ್ತದೆ. ತಂದೆ 'ಆಗಲಿ' ಎನ್ನಲಿಲ್ಲ, 'ಬೇಡ' ಎಂದೂ ಅನ್ನಲಿಲ್ಲ. "ಪೂರಾ ಲೆಕ್ಕಾ ಬರದು ತೋರ್ಸು, ಆಮ್ಯಾಲ ನೋಡೂಣು" ಎಂದರು. ವಿಮಾನದ ಮಾತು ಎತ್ತಬಾರದು, ರೈಲಿನಲ್ಲೇ ಆಗಬೇಕು ಎಂಬುದು ಅವರ ಕರಾರು.

ಮೂರು ಅಂಗಳಗಳು

ಇಂಥ ಪ್ರವಾಸದ ಲೆಕ್ಕ ಮನೆಯಿಂದ ಶುರುವಾಗುವುದಿಲ್ಲ. ಆಟದ ದಿನ, ಆಟದ ಜಾಗ ಮೊದಲು ಗೊತ್ತಾಗಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಮನೆಯ ಬಾಗಿಲಿಗೆ ಬರಬೇಕು. ಹುಡುಗಿ ಮೂರು ಜಾಗಗಳನ್ನು ಬರೆದುಕೊಂಡಳು: ಲೇಹ್, ಶಿಮ್ಲಾ, ಡೆಹ್ರಾಡೂನ್.

ಭಾರತದಲ್ಲಿ ಈ ಆಟದ ತವರು ಲೇಹ್. 2024 ಮತ್ತು 2025ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಹಾಕಿ ನಡೆದದ್ದು ಅಲ್ಲಿಯೇ. ಆದರೆ ಲೇಹ್‌ಗೆ ರೈಲಿಲ್ಲ. 2025ರ ಜೂನಿನಿಂದ ಕಾಶ್ಮೀರದ ಶ್ರೀನಗರಕ್ಕೆ ರೈಲು ಓಡುತ್ತಿದೆಯಾದರೂ ಅಲ್ಲಿಂದ ಮುಂದಿನ ಜೋಜಿಲಾ ಕಣಿವೆಯ ರಸ್ತೆಯನ್ನು ಚಳಿಗಾಲದಲ್ಲಿ ಹಿಮ ಮುಚ್ಚಿಬಿಡುತ್ತದೆ. ಮೇಲಾಗಿ ಲೇಹ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿಯ ಗಾಳಿಯ ಒತ್ತಡ ಸಮುದ್ರದಂಡೆಯ ಒತ್ತಡದ ಮೂರರಲ್ಲಿ ಎರಡು ಪಾಲಿನಷ್ಟು. ನೀರು ಅಲ್ಲಿ 100 ಡಿಗ್ರಿಗೆ ಅಲ್ಲ, 88 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹೋದವರು ಮೊದಲ ಒಂದೆರಡು ದಿನ ಸುಮ್ಮನೆ ಮಲಗಿ ದೇಹವನ್ನು ಹೊಂದಿಸಿಕೊಳ್ಳಬೇಕು. ತಂದೆಯ ಕರಾರಿನಲ್ಲಿ ಲೇಹ್ ನಿಲ್ಲಲಿಲ್ಲ.

ಡೆಹ್ರಾಡೂನಿಗೆ ನೇರ ರೈಲುಂಟು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳಿಗೆಂದು ಕಟ್ಟಿದ ಒಳಾಂಗಣ ಅಲ್ಲಿದೆ. ಬಹಳ ವರ್ಷ ಮುಚ್ಚಿದ್ದ ಅದು 2025ರಲ್ಲಿ ಮತ್ತೆ ತೆರೆಯಿತು. ಅದೇ ಆಗಸ್ಟಿನಲ್ಲಿ ಏಷ್ಯಾ ಮಟ್ಟದ ವೇಗದ ಸ್ಕೇಟಿಂಗ್ ಸ್ಪರ್ಧೆಯೂ ನಡೆಯಿತು. ಅಲ್ಲಿಯ ಮಂಜುಗಡ್ಡೆ ಯಂತ್ರದ್ದು, ಋತುವಿನ ಹಂಗಿಲ್ಲ. ಆದರೆ ಪಂದ್ಯ ಏರ್ಪಟ್ಟರೆ ಮಾತ್ರ ಪಂದ್ಯ ಉಂಟು.

ಶಿಮ್ಲಾದ ಅಂಗಳ 1920ರಿಂದ ಇರುವಂಥದು. ಅಲ್ಲಿಯ ವಿಶೇಷವೆಂದರೆ ಚಳಿಗೆ ತಾನಾಗಿ ಹೆಪ್ಪುಗಟ್ಟಿದ ಮಂಜಿನ ಮೇಲೆ ಸ್ಕೇಟಿಂಗ್. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲದಲ್ಲಿ, ಮಂಜು ಗಟ್ಟಿಯಾಗಿದ್ದ ದಿನ, ಮುಂಜಾನೆ ಮತ್ತು ಸಂಜೆ ಊರಿನ ಮಕ್ಕಳು ಅಂಗಳಕ್ಕೆ ಇಳಿಯುತ್ತಾರೆ, ಹಾಕಿಯೂ ನಡೆಯುತ್ತದೆ. ಹೆಸರಾಂತ ಪಂದ್ಯವಿಲ್ಲದಿದ್ದರೂ ಆಟ ಸಿಗುವ ಸಂಭವ ಇಲ್ಲಿಯೇ ಹೆಚ್ಚು ಎಂದು ಹುಡುಗಿ ಶಿಮ್ಲಾಕ್ಕೆ ಗೆರೆ ಎಳೆದಳು.

ಐದು ಸಾವಿರ ಯೂನಿಟ್ಟಿನ ಆಕಾಶ

ಮಂಜು ತಾನಾಗಿ ಹೆಪ್ಪುಗಟ್ಟುವುದೆಂದರೇನು? ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 60 ಮೀಟರ್ ಉದ್ದ, 30 ಮೀಟರ್ ಅಗಲದ ಅಂಗಳದ ಮೇಲೆ 3 ಸೆಂಟಿಮೀಟರ್ ದಪ್ಪ ನೀರು ನಿಲ್ಲಿಸಿದರೆ ಅದು 54 ಘನ ಮೀಟರ್, ಅಂದರೆ 54 ಸಾವಿರ ಕಿಲೋಗ್ರಾಂ ನೀರು. ಸೊನ್ನೆ ಡಿಗ್ರಿಯ ಒಂದು ಕಿಲೋಗ್ರಾಂ ನೀರು ಗಡ್ಡೆಯಾಗಬೇಕಾದರೆ 334 ಕಿಲೋಜೂಲ್ ಗುಪ್ತೋಷ್ಣವನ್ನು ಹೊರಗೆ ಬಿಡಬೇಕು. ಗುಣಿಸಿದರೆ ಒಂದು ಕೋಟಿ ಎಂಬತ್ತು ಲಕ್ಷ ಕಿಲೋಜೂಲ್. ಕರೆಂಟು ಬಿಲ್ಲಿನ ಭಾಷೆಯಲ್ಲಿ ಇದು ಸುಮಾರು 5,000 ಯೂನಿಟ್!

ಒಳಾಂಗಣದಲ್ಲಿ ಈ ಶಾಖವನ್ನು ಹೀರುವುದು ನೆಲದಡಿಯ ಕೊಳವೆಗಳಲ್ಲಿ ಹರಿಯುವ ತಂಪು ದ್ರವ. ಬಯಲಿನಲ್ಲಿ ಈ ಕೆಲಸದ ದೊಡ್ಡ ಪಾಲು ರಾತ್ರಿಯ ಆಕಾಶದ್ದು. ನಿರಭ್ರ ರಾತ್ರಿಯಲ್ಲಿ ನೆಲದ ಶಾಖ ಅವಕೆಂಪು ಕಿರಣಗಳಾಗಿ ಮೇಲಕ್ಕೆ ಹೋಗಿಬಿಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆದು ನೆಲಕ್ಕೇ ಮರಳಿಸುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಉತ್ತರ ಭಾರತದ ಬಯಲುಗಳಲ್ಲಿ ಚಳಿಗಾಲದ ರಾತ್ರಿ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಅಡಿಗೆ ಹುಲ್ಲು ಹಾಸಿ ಮಂಜುಗಡ್ಡೆ ಮಾಡುತ್ತಿದ್ದುದೂ ಇದೇ ಉಪಾಯದಿಂದ.

ಹಾಗಾದರೆ ಗಡ್ಡೆಯ ಮೇಲೆ ಜಾರುವುದೇಕೆ ಎಂದು ಅಣ್ಣನ ಪ್ರಶ್ನೆ. ಮೈಭಾರದ ಒತ್ತಡಕ್ಕೆ ಮಂಜು ಕರಗುತ್ತದೆ ಎಂಬ ಉತ್ತರ ಬಹಳ ಪುಸ್ತಕಗಳಲ್ಲಿದೆ. ಆದರೆ ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು ವಾತಾವರಣದ ಒತ್ತಡದ ಸುಮಾರು 130 ಪಟ್ಟು ಒತ್ತಡ ಬೇಕು. ಕೊರೆಯುವ ಚಳಿಯಲ್ಲಿ ಆ ಉತ್ತರ ಸಾಲದು. ಮಂಜಿನ ಮೇಲ್ಮೈಯ ಅಣುಗಳಿಗೆ ಮೇಲ್ಗಡೆ ಹಿಡಿದುಕೊಳ್ಳುವ ನೆರೆಯವರಿಲ್ಲದ್ದರಿಂದ ಅಲ್ಲಿ ಸದಾ ನೀರಿನಂಥ ತೆಳುಪದರ ಇರುತ್ತದೆ; ಅಲಗಿನ ತಿಕ್ಕಾಟದ ಶಾಖ ಅದಕ್ಕೆ ಕೂಡಿಕೊಳ್ಳುತ್ತದೆ. ಇಂಥ ಪದರದ ಸೂಚನೆಯನ್ನು ಮೈಕೆಲ್ ಫ್ಯಾರಡೆ 1850ರಲ್ಲೇ ಕೊಟ್ಟಿದ್ದ.

ಕೊಂಡಿಯ ಮಾತು

ತೊಡಕು ಬಂದದ್ದು ಇಲ್ಲಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 120 ದಿನದ ಬದಲು 60 ದಿನ ಮೊದಲು ತೆರೆಯುತ್ತದೆ. ಮೋಡ ಬರುವುದೋ ಇಲ್ಲವೋ ಎಂಬುದು ಮೂರು ದಿನ ಮೊದಲು ತಿಳಿದರೆ ಹೆಚ್ಚು. ಟಿಕೆಟ್ಟು ಎರಡು ತಿಂಗಳು ಮುಂದೆ, ಮಂಜು ಎರಡು ದಿನ ಮುಂದೆ! ಇವೆರಡನ್ನೂ ಕೂಡಿಸುವುದು ಹೇಗೆ?

ದಾರಿ ತೋರಿಸಿದವರು ತಂದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎಂದು ಹೆಸರು. "ಕೊಂಡಿ ಹಾಕೂವಾಗ ಎಳಿ ಬಿಗದ ಹಿಡದ್ರ ಹರೀತೈತವಾ. ಒಂದೀಟು ಸಡ್ಲ ಬಿಡಬೇಕು" ಎಂದರು. ಒಂದು ದಿನದ ಆಟಕ್ಕೆ ಒಂದೇ ದಿನ ಇಟ್ಟುಕೊಂಡು ಹೋಗುವುದೆಂದರೆ ಬಿಗಿಹಿಡಿದ ಎಳೆ. ಅಲ್ಲಿ ನಾಲ್ಕು ಮುಂಜಾನೆ ಇದ್ದರೆ ಒಂದಾದರೂ ನಿರಭ್ರ ರಾತ್ರಿ ಸಿಗುವ ಸಂಭವ ಹೆಚ್ಚುತ್ತದೆ.

ಹುಡುಗಿ ರೈಲುಗಳನ್ನೂ ಇದೇ ಕಣ್ಣಿನಿಂದ ನೋಡಿದಳು. ಹುಬ್ಬಳ್ಳಿಯ ಮೇಲೆ ಹಾದು ನೇರ ಚಂಡೀಗಡಕ್ಕೆ ಹೋಗುವ ಸಂಪರ್ಕ ಕ್ರಾಂತಿ ಇದೆ. ಆದರೆ ಅದು ವಾರಕ್ಕೆ ಎರಡೇ ದಿನ. ಕರ್ನಾಟಕ ಎಕ್ಸ್‌ಪ್ರೆಸ್ ದಿನವೂ ಉಂಟು. ಬೆಂಗಳೂರಿನಿಂದ ಸಂಜೆ ಹೊರಟು ಮುಂಜಾನೆ ಸೊಲ್ಲಾಪುರಕ್ಕೆ, ಮರುದಿನ ಬೆಳಗ್ಗೆ ಹೊಸದಿಲ್ಲಿಗೆ ಮುಟ್ಟುತ್ತದೆ. ಬಾಗಲಕೋಟೆಯಿಂದ ವಿಜಯಪುರದ ಮೇಲೆ ಹಿಂದಿನ ದಿನವೇ ಸೊಲ್ಲಾಪುರ ತಲುಪಿದರೆ ಅದನ್ನು ಹಿಡಿಯಬಹುದು. ಮಂಜು ಮುಸುಕುವ ಜನವರಿಯಲ್ಲಿ ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುವುದು ರೂಢಿ. ಅದಕ್ಕೆಂದೇ ದಿಲ್ಲಿಯಲ್ಲಿ ಇಡೀ ಹಗಲನ್ನು ಖಾಲಿ ಬಿಟ್ಟು, ರಾತ್ರಿ ಹಳೆ ದಿಲ್ಲಿಯಿಂದ ಕಾಲ್ಕಾ ಗಾಡಿ ಎಂದು ಬರೆದಳು. ಕಾಲ್ಕಾದಿಂದ ಶಿಮ್ಲಾಕ್ಕೆ 1903ರಲ್ಲಿ ತೆರೆದ ಕಿರು ಹಳಿಯ ರೈಲು. 96 ಕಿಲೋಮೀಟರಿಗೆ 102 ಸುರಂಗ. ಯುನೆಸ್ಕೊ ಇದನ್ನು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನೋಟುಬುಕ್ಕಿನ ಕೊನೆಯ ಕಾಲಂ 'ಆಟ ನಡೆಯದಿದ್ದರೆ' ಎಂಬುದು. ಅದರಲ್ಲಿ ಅವಳು ಬರೆದದ್ದು: ಸುರಂಗದ ರೈಲು, ದಿಲ್ಲಿಯ ರೈಲು ವಸ್ತುಸಂಗ್ರಹಾಲಯ, ಹಿಮ. ಮಗ್ಗದ ಲೆಕ್ಕವನ್ನೂ ಬಿಟ್ಟಿರಲಿಲ್ಲ. ಒಂದು ಹಾಸು ಮುಗಿದು ಇನ್ನೊಂದು ಹಾಸು ಏರುವ ಬಿಡುವಿನಲ್ಲಿ ಹೊರಟರೆ ನಷ್ಟ ಅರ್ಧಕ್ಕರ್ಧ ಇಳಿಯುತ್ತದೆ.

ತಂದೆ ಪುಟ ತಿರುವಿ ಮೆಚ್ಚಿಕೊಂಡರು. ಆಮೇಲೆ ಹೇಳಿದರು: "ಎರಡ ಟಿಕೀಟ ಸಾಕು. ನಾನೂ ನಿಮ್ಮಣ್ಣಾನೂ ಹೋಗಿ ಬರ್ತೀವಿ. ಗಂಡ ಹುಡುಗ, ನಾಕ ಊರ ಕಾಣ್ಲಿ. ನೀ ಮುಂದ ಯಾವಾಗರೆ ಹೋಗೀಯಂತ."

ಹುಡುಗಿ ಏನೂ ಅನ್ನಲಿಲ್ಲ. ಕಂಡಕಿ ಸುತ್ತುತ್ತಿದ್ದ ತಾಯಿಯೂ ಆಗ ಏನೂ ಅನ್ನಲಿಲ್ಲ. ಅಣ್ಣ ಐಟಿಐ ಓದುವವನು. ಅವನಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟದ ಗೊಡವೆ ಇರಲಿಲ್ಲ. ಅವನಿಗೂ ಈ ಮಾತು ಸರಿ ಕಾಣದಿದ್ದರೂ ದಿಲ್ಲಿಯ ಆಸೆ ಬಾಯಿ ಕಟ್ಟಿತ್ತು.

ಬಾದಾಮಿಯ ಪ್ರಯೋಗ

ದೊಡ್ಡ ಪ್ರಯೋಗಕ್ಕೆ ಮೊದಲು ಚಿಕ್ಕ ಪ್ರಯೋಗ ಮಾಡುವುದು ವಿಜ್ಞಾನದ ಪದ್ಧತಿ. ಹುಡುಗಿಯ ಯೋಜನೆಯ ಎರಡನೆಯ ಪುಟದಲ್ಲೇ ಅದು ಇತ್ತು: ಒಂದು ಭಾನುವಾರ ಬಾಗಲಕೋಟೆಯಿಂದ ಬಾದಾಮಿಗೆ ರೈಲಿನಲ್ಲಿ ಹೋಗಿ ಬರುವುದು. ಖರ್ಚು ಕಡಿಮೆ, ಕಲಿಯುವುದು ಹೆಚ್ಚು. ತಂದೆ, ತಾಯಿ, ಮಕ್ಕಳಿಬ್ಬರೂ ಹೊರಟರು.

ಇಳಕಲ್ಲಿನಿಂದ ಹೊರಟ ಬಸ್ಸು ಹುನಗುಂದದಲ್ಲಿ ಗಾಲಿಯ ಗಾಳಿ ಕಳೆದುಕೊಂಡು ನಿಂತಿತು. ತಂದೆ ಕೈಗಡಿಯಾರ ನೋಡಿ ಚಡಪಡಿಸಿದರು. "ನಮ್ಮ ಹತ್ರ ಇನ್ನೂ ನಲವತ್ತ ನಿಮಿಷ ಐತಪ್ಪಾ" ಎಂದಳು ಮಗಳು. ಬಸ್ಸಿಗೂ ರೈಲಿಗೂ ನಡುವೆ ಅವಳು ಒಂದು ತಾಸು ಸಡಿಲ ಬಿಟ್ಟಿದ್ದಳು. ಬಾಗಲಕೋಟೆ ಮುಟ್ಟಿದಾಗ ಗಾಡಿ ಇನ್ನೂ ಬಂದಿರಲಿಲ್ಲ. ಗುಳೇದಗುಡ್ಡ ರೋಡ್ ದಾಟಿ ಬಾದಾಮಿಯಲ್ಲಿ ಇಳಿದಾಗ ಇನ್ನೊಂದು ಪಾಠ: ನಿಲ್ದಾಣದಿಂದ ಊರು ಸುಮಾರು ಐದು ಕಿಲೋಮೀಟರ್. ನಕ್ಷೆಯಲ್ಲಿ 'ಬಾದಾಮಿ' ಎಂದು ಬರೆದ ಚುಕ್ಕೆಯೇ ಬಾದಾಮಿಯಲ್ಲ!

ಗುಹೆಗಳನ್ನು ಹತ್ತಿದ ಅಣ್ಣ ಕೆಳಗಿಳಿಯಲು ಒಲ್ಲೆ ಎಂದ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಮುಂದೆ ಕುಳಿತು ಅಗಸ್ತ್ಯ ತೀರ್ಥದ ನೀರು ನೋಡುತ್ತಿದ್ದರೆ ಯಾರಿಗಾದರೂ ಹಾಗೆಯೇ ಆಗುತ್ತದೆ. ಇಳಿಯಲು ಎಷ್ಟು ನಿಮಿಷ, ಆಟೋ ಸಿಗಲು ಎಷ್ಟು, ನಿಲ್ದಾಣಕ್ಕೆ ಎಷ್ಟು ಎಂದು ಕೂಡಿಸಿ, "ಇನ್ನ ಹತ್ತ ನಿಮಿಷ ಕೂಡಬಹುದು, ಆಮೇಲೆ ಏಳಬೇಕು" ಎಂದು ಹೇಳಿದವಳು ತಂಗಿ. ಹಾಗೆಯೇ ಎದ್ದರು. ಮರಳುವ ಗಾಡಿ ತಡವಾಗಿ ಬಂತು. ಎಷ್ಟು ತಡ ಎಂಬುದನ್ನು ಅವಳು ಬರೆದುಕೊಂಡಳು.

ಆ ರಾತ್ರಿ ಊಟದ ಹೊತ್ತಿಗೆ ತಾಯಿ ಬಾಯಿ ಬಿಟ್ಟರು. "ದಾರಿ ಬಲ್ಲಾಕಿನ್ನ ಮನ್ಯಾಗ ಬಿಟ್ಟು ದಾರಿ ಅರೀದಾವ್ರು ಇಬ್ರು ಹೊಂಟೀರಲ್ಲ, ಎಲ್ಲಿ ಇಳೀತೀರಿ?"

ತಂದೆ ಉತ್ತರಿಸಲಿಲ್ಲ. ಅಣ್ಣ ತಲೆ ತಗ್ಗಿಸಿ, "ನಾ ಬಿಡ್ತೇನಪ್ಪಾ, ಅಕಿ ಹೋಗ್ಲಿ" ಎಂದ. ತಾಯಿ ಅದಕ್ಕೂ ಒಪ್ಪಲಿಲ್ಲ. ತಿಜೋರಿ ಕೊಳ್ಳಲೆಂದು ಎರಡು ವರ್ಷದಿಂದ ಕಟ್ಟಿದ್ದ ಚೀಟಿಯ ಹಣ ಅವರಲ್ಲಿತ್ತು. "ಸೀರಿ ಇಡಾಕ ಟ್ರಂಕ್ ಐತಿ. ಮೂರ ಟಿಕೀಟ ತಗೀರಿ" ಎಂದರು. "ನೀನು?" ಎಂದು ಮಗಳು ಕೇಳಿದಳು. ಆಯಿಯನ್ನು ನೋಡಿಕೊಳ್ಳುವವರು ಬೇಕಲ್ಲ ಎಂದು ತಾಯಿ ನಕ್ಕುಬಿಟ್ಟರು. ಆ ನಗೆಯ ಹಿಂದೆ ಏನಿತ್ತೆಂದು ಮಗಳಿಗೆ ತಿಳಿಯದೆ ಇರಲಿಲ್ಲ. ನೋಟುಬುಕ್ಕಿನಲ್ಲಿ ಅವಳು ಒಂದು ಹೊಸ ಪುಟ ತೆರೆದು ಮೇಲೆ 'ಅವ್ವನ ಪ್ರವಾಸ' ಎಂದು ಬರೆದಿಟ್ಟಳು.

ನಾಲ್ಕು ಮುಂಜಾನೆ

ಅರವತ್ತನೆಯ ದಿನ ಬೆಳಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತಲೇ ಟಿಕೆಟ್ಟು ತೆಗೆದದ್ದಾಯಿತು. ಶಾಲೆಯಲ್ಲಿ ರಜೆ ಸಿಕ್ಕಿತು. ನೋಡಿದ್ದನ್ನು ಬರೆದು ತರಗತಿಯಲ್ಲಿ ಓದಬೇಕೆಂಬುದು ಅದರ ಕರಾರು. ಹಾಸು ಮುಗಿದ ಮರುದಿನವೇ ಹೊರಟರು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು. ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿ ಮೇಲು, ನಡುವೆ ಸಿಕ್ಕ ಗಾಳಿಯೇ ಚಳಿ ತಡೆಯುತ್ತದೆ ಎಂಬ ಲೆಕ್ಕದ ಮೇಲೆ ಕಟ್ಟಿದ ಬಟ್ಟೆಗಂಟು.

ಗಾಡಿ ದಿಲ್ಲಿ ಮುಟ್ಟಿದ್ದು ಐದು ತಾಸು ತಡವಾಗಿ. ಖಾಲಿ ಬಿಟ್ಟ ಹಗಲು ಅದನ್ನು ನುಂಗಿತು. ರೈಲು ವಸ್ತುಸಂಗ್ರಹಾಲಯ ತಪ್ಪಿತು, ಕಾಲ್ಕಾ ಗಾಡಿ ತಪ್ಪಲಿಲ್ಲ. ಶಿಮ್ಲಾದಲ್ಲಿ ಮೊದಲ ಎರಡು ಮುಂಜಾನೆ ಮೋಡ. ಅಂಗಳದ ಮಂಜು ಮೆತ್ತಗಾಗಿ ಯಾರನ್ನೂ ಇಳಿಸಲಿಲ್ಲ. ಹಿಂದಿನಷ್ಟು ದಿನ ಈಗ ಮಂಜು ನಿಲ್ಲುವುದಿಲ್ಲ ಎಂದು ಊರಿನವರೇ ಹೇಳಿದರು. ಮೂರನೆಯ ರಾತ್ರಿ ನಕ್ಷತ್ರ ಕಂಡವು. ಹುಡುಗಿಗೆ ನಿದ್ದೆ ಬರಲಿಲ್ಲ.

ಆ ಮುಂಜಾನೆ ಬಿಸಿಲು ಏರುವ ಮೊದಲು, ಊರಿನ ಹುಡುಗ ಹುಡುಗಿಯರು ಎರಡು ತಂಡವಾಗಿ ಇಳಿದರು. ಪಂದ್ಯಾವಳಿಯಲ್ಲ, ಅಭ್ಯಾಸದ ಆಟ. ಚೆಂಡಿನ ಬದಲು ಇಲ್ಲಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲ, ತೂಕ 160 ಗ್ರಾಂ ಆಸುಪಾಸು. ಪುಟಿಯಬಾರದೆಂದು ದೊಡ್ಡ ಪಂದ್ಯಗಳಲ್ಲಿ ಅದನ್ನೂ ಮೊದಲೇ ಹೆಪ್ಪುಗಟ್ಟಿಸಿ ತರುತ್ತಾರೆ. ತಂಡಕ್ಕೆ ಗೋಲಿ ಸೇರಿ ಆರೇ ಜನ. ಆಟ ನಿಲ್ಲಿಸದೆಯೇ ಒಬ್ಬರು ಹೊರಗೆ ಜಿಗಿದರೆ ಇನ್ನೊಬ್ಬರು ಒಳಗೆ ಜಿಗಿಯುತ್ತಾರೆ. ಟೀವಿಯಲ್ಲಿ ಕಾಣದ ಸಂಗತಿ ಶಬ್ದ. ಅಲಗು ಮಂಜನ್ನು ಹೆರೆಯುವ ಸದ್ದು, ಬಿಲ್ಲೆ ಹಲಗೆಗೆ ಬಡಿದಾಗಿನ ಸದ್ದು. ತಂದೆಗೆ ಅದು ಲಾಳಿಯ ಸದ್ದಿನಂತೆ ಕೇಳಿಸಿತಂತೆ.

ನಲವತ್ತು ನಿಮಿಷ. ಬಿಸಿಲು ಬಿತ್ತು, ಆಟ ಮುಗಿಯಿತು. ನಾಲ್ಕನೆಯ ದಿನ ಸ್ಕೇಟಿಂಗ್ ಇತ್ತು, ಹಾಕಿ ಇರಲಿಲ್ಲ. ಬಾಡಿಗೆಯ ಸ್ಕೇಟು ಕಟ್ಟಿಕೊಂಡು ಅಣ್ಣ ಹನ್ನೊಂದು ಸಲ ಬಿದ್ದ, ತಂಗಿ ಏಳು ಸಲ.

ಒಂಬತ್ತು ಹತ್ತು ದಿನ, ತಾಯಿಯ ತಿಜೋರಿ, ನಿಂತ ಮಗ್ಗ, ಇಷ್ಟೆಲ್ಲ ತೆತ್ತು ನಲವತ್ತು ನಿಮಿಷವೇ ಎಂದು ಕೇಳುವವರಿದ್ದಾರೆ. ಕೇಳಲಿ. 2024ರ ಖೇಲೋ ಇಂಡಿಯಾ ಕೂಟದಲ್ಲಿ ಹಿಮದ ಮೇಲೆ ಸ್ಕೀ ಓಡಿಸಿ ಕರ್ನಾಟಕಕ್ಕೆ ಚಿನ್ನ ತಂದ ಭವಾನಿ ತೆಕ್ಕಡ ನಂಜುಂಡ ಕೊಡಗಿನವರು; ಅವರ ಜಿಲ್ಲೆಯಲ್ಲೂ ಹಿಮ ಬೀಳುವುದಿಲ್ಲ. ಇಳಕಲ್ಲಿನ ಹುಡುಗಿ ಆಟಗಾರ್ತಿಯಾಗುತ್ತಾಳೆಂದು ಇದರ ಅರ್ಥವಲ್ಲ. ಅವಳಿಗೀಗ ದೂರವನ್ನು ದಿನಗಳಾಗಿ, ದಿನಗಳನ್ನು ಹಣವಾಗಿ, ಸಂಶಯವನ್ನು ಬಿಡುವಾಗಿ ಎಣಿಸುವುದು ಗೊತ್ತು. ಅಷ್ಟು ಗೊತ್ತಿದ್ದವರಿಗೆ ರೈಲಿಲ್ಲದ ಊರು ಅಂಥ ದೊಡ್ಡ ಅಡ್ಡಿಯಲ್ಲ.

ತಂದೆ ತಾಯಂದಿರಿಗೆ ಒಂದು ಮಾತು. ಮುಂದಿನ ಪ್ರವಾಸದ ವೇಳಾಪಟ್ಟಿಯನ್ನು ಮಕ್ಕಳ ಕೈಗೆ ಕೊಡಿ, ತಪ್ಪಿದರೆ ತಿದ್ದಿ. ಟಿಕೆಟ್ಟು ತೆಗೆಯುವ ಮೊದಲು, ಲೆಕ್ಕ ಹಾಕಿದ ಮಗುವಿನ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.